ತುರ್ತು: ಬೀಳ್ಕೊಡುಗೆ ಫ್ಲೆಕ್ಸ್‌ಗೆ 'ವರ್ಕ್‌ಪ್ಲೇಸ್ ವೆಲ್‌ಬೀಯಿಂಗ್' ಕನ್ನಡದಲ್ಲಿ ಏನು?

ತುಮಕೂರಿನಿಂದ:

ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ನಮ್ಮ ಕಾಲೇಜಿನ ಮೇಡಂ ಒಬ್ಬರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಸೇರಿದ ದಿನದಿಂದ ಅವರು ಹಿಡಿದದ್ದು ಎರಡೇ ವಿಷಯ: ಆರ್ಗನೈಸೇಷನಲ್ ಬಿಹೇವಿಯರ್, ವರ್ಕ್‌ಪ್ಲೇಸ್ ವೆಲ್‌ಬೀಯಿಂಗ್. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಸಿ ಬರುವವರನ್ನು ಬಸ್‌ಸ್ಟಾಪಿನಲ್ಲೇ ಮಾತಾಡಿಸಿ ನೋಟ್ಸ್ ಮಾಡಿಕೊಂಡವರು. ಫ್ಲೆಕ್ಸ್ ಮೇಲೆ ಒಂದು ಸಾಲು, ಸ್ಮರಣ ಸಂಚಿಕೆಗೆ ಎರಡು ಪುಟ ಪರಿಚಯ. ಎರಡೂ ನನ್ನ ತಲೆಗೆ ಬಿದ್ದಿವೆ.

ಮೊದಲನೆಯದಕ್ಕೆ ಬಿ.ಕಾಂ. ಪುಸ್ತಕದ 'ಸಾಂಸ್ಥಿಕ ವರ್ತನೆ' ಇದೆ. ಫ್ಲೆಕ್ಸ್ ಅಂಗಡಿಯ ಹುಡುಗ ಅದನ್ನು 'ಸಾಂಸ್ಕೃತಿಕ ವರ್ತನೆ' ಮಾಡಿ ಕಳಿಸಿದ್ದ, ತಿದ್ದಿಸಿದೆ. ಎರಡನೆಯದಕ್ಕೆ 'ಉದ್ಯೋಗಸ್ಥಳದ ಯೋಗಕ್ಷೇಮ' ಅಂತ ಬರೆದು ನೋಡಿದೆ. ಯಾರೋ ಪಾಲಿಸಿ ಮಾಡಿಸಿ ಅಂದ ಹಾಗಿದೆ.

ಮುಳಬಾಗಿಲಿನಿಂದ:

ಇರದೆ ಇನ್ನೇನು. ಎಲ್‌ಐಸಿ ಲಾಂಛನದ ಮೇಲಿರುವುದೇ ಆ ಮಾತು, ಗೀತೆಯ 9ನೇ ಅಧ್ಯಾಯದ್ದು. ಕನ್ನಡದಲ್ಲಿ 'ನೆಮ್ಮದಿ' ಇರುವಾಗ ಅಲ್ಲಿಗೆ ಯಾಕೆ ಹೋಗಬೇಕು? ನೆಮ್ಮು ಎಂದರೆ ಒರಗು. ಬೆನ್ನಿಗೆ ಒಂದು ಗೋಡೆ ಸಿಕ್ಕಾಗ ಬರುವುದೇ ನೆಮ್ಮದಿ ಎಂದು ನಾನು ಇಲ್ಲಿ ಹಿಂದೆಯೂ ಬರೆದಿದ್ದೇನೆ, ಯಾರೂ ಓದಿದ ಹಾಗಿಲ್ಲ. 'ಸಾಂಸ್ಥಿಕ ವರ್ತನೆ'ಯೂ ಬೇಡ. 'ಕೂಟದ ನಡವಳಿಕೆ', 'ಗೆಯ್ಮೆಯ ನೆಮ್ಮದಿ'. ಮುಗಿಯಿತು.

ಚಿಂತಾಮಣಿಯಿಂದ:

ಮುಗಿಯಲಿಲ್ಲ ಸ್ವಾಮಿ. ಗೇಮೆ ಅಂದರೆ ನಮ್ಮ ಕಡೆ ಹೊಲದ ದುಡಿಮೆ. ಕಂಪ್ಯೂಟರ್ ಮುಂದೆ ಕೂತವನು ಗೇಮೆ ಮಾಡುತ್ತಾನೆ ಅಂದರೆ ಎತ್ತು ನಗುತ್ತದೆ. 'ಕೂಟ' ಅಂದರೆ ಊಟ ಎಷ್ಟು ಗಂಟೆಗೆ ಅಂತ ಕೇಳುತ್ತಾರೆ.

'ವರ್ತನೆ' ಮಾತ್ರ ಬಿಡಬೇಡಿ. ನಮ್ಮ ಮನೆಯಲ್ಲಿ ವರ್ತನೆ ಅಂದರೆ ಹಾಲಿನವನದು. ದಿನಾ ತಪ್ಪದೆ ಹಾಕುವ ಹಾಲು ವರ್ತನೆ ಹಾಲು, ದಿನಾ ಬರುವ ಹೂವು ವರ್ತನೆ ಹೂವು. ಆಫೀಸಿನೊಳಗೆ ಜನ ದಿನಾ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವ ಶಾಸ್ತ್ರಕ್ಕೆ ಇದಕ್ಕಿಂತ ಒಪ್ಪುವ ಪದ ಎಲ್ಲಿದೆ? 'ನಡತೆ' ಅಂದರೆ ಶಾಲೆ ಬಿಡುವಾಗ ಕೊಡುವ ಸರ್ಟಿಫಿಕೇಟು. 'ನಡಾವಳಿ' ಅಂದರೆ ಸಭೆಯ ಪುಸ್ತಕ. 'ಸಂಘಟನಾ ವರ್ತನೆ' ಅಂತಲೂ ಕೆಲವರು ಬರೆಯುತ್ತಾರೆ, ಓದಿದರೆ ಧರಣಿ ಕಣ್ಣಮುಂದೆ ಬರುತ್ತದೆ.

ಇನ್ನು ನೆಮ್ಮದಿ. ಹೋಬಳಿಗೊಂದು ನೆಮ್ಮದಿ ಕೇಂದ್ರ ಇದ್ದ ಕಾಲ ಮರೆತಿರಾ? ಜಾತಿ, ಆದಾಯ ಪ್ರಮಾಣಪತ್ರಕ್ಕೆ ಬೆಳಗ್ಗೆಯಿಂದ ಕ್ಯೂ ನಿಂತವನಿಗೆ ಆ ಪದ ಕೇಳಿದರೆ ಈಗಲೂ ಕಾಲು ನೋಯುತ್ತದೆ.

ಗುಬ್ಬಿಯಿಂದ:

ಕ್ಯೂ ಕತೆ ಆಮೇಲೆ. ವೆಲ್‌ಫೇರ್ ಬೇರೆ, ವೆಲ್‌ಬೀಯಿಂಗ್ ಬೇರೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ವೆಲ್‌ಫೇರ್‌ಗೆ ಒಂದು ಅಧ್ಯಾಯವೇ ಇತ್ತು: ಕೈ ತೊಳೆಯುವ ಜಾಗ, ಕೂರಲು ವ್ಯವಸ್ಥೆ, 250ಕ್ಕಿಂತ ಜಾಸ್ತಿ ಜನ ಇದ್ದರೆ ಕ್ಯಾಂಟೀನು. ಇದು ಮಾಲೀಕ ಕೊಡುವುದು, ಎಣಿಸಬಹುದಾದದ್ದು. ಅದಕ್ಕೆ 'ಕಲ್ಯಾಣ' ಅಂತ ಆಗಲೇ ನಿಂತುಬಿಟ್ಟಿದೆ. ವೆಲ್‌ಬೀಯಿಂಗ್ ಅಂದರೆ ಕೆಲಸ ಮಾಡುವವನಿಗೆ ಒಳಗೆ ಹೇಗಿದೆ ಅನ್ನುವುದು. ಕ್ಯಾಂಟೀನು ಇದ್ದೂ ಅನ್ನ ಗಂಟಲಲ್ಲಿ ಇಳಿಯದೆ ಇರಬಹುದಲ್ವಾ? 'ಕ್ಷೇಮ'ವೂ ಆಗದು. ಅದು ಆಸ್ಪತ್ರೆ ಬೋರ್ಡಿಗೆ ಹೋಗಿದೆ, 'ಆರೋಗ್ಯ ಮತ್ತು ಕ್ಷೇಮ ಕೇಂದ್ರ'. ವ್ಯುತ್ಪತ್ತಿ ಏನೇ ಇರಲಿ, ನನ್ನ ಮತ ನೆಮ್ಮದಿಗೆ.

ತುಮಕೂರಿನಿಂದ:

ಎಲ್ಲರಿಗೂ ಧನ್ಯವಾದ. ನೆಮ್ಮದಿಗೆ ಒಪ್ಪಿದೆ. ಇನ್ನೊಂದು ಉಳಿದಿದೆ. ಪರಿಚಯದಲ್ಲಿ 'ಬರ್ನ್‌ಔಟ್' ನಾಲ್ಕು ಸಲ ಬರುತ್ತದೆ.

ಮುಳಬಾಗಿಲಿನಿಂದ:

ಬಳಲಿಕೆ.

ಶಿಡ್ಲಘಟ್ಟದಿಂದ:

ಅಲ್ಲ. ಬಳಲಿಕೆ ನಿದ್ದೆ ಮಾಡಿದರೆ ಹೋಗುತ್ತದೆ. ಇಲ್ಲಿ ಫಿಲೇಚರ್‌ನಲ್ಲಿ, ಅಂದರೆ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ, ದಿನವೆಲ್ಲ ಬಿಸಿನೀರಲ್ಲಿ ಕೈಯಿಟ್ಟು ನೂಲು ತೆಗೆಯುವವರು 'ಸುಸ್ತು' ಅನ್ನುತ್ತಾರೆ, ಭಾನುವಾರ ಕಳೆದು ಮತ್ತೆ ಬರುತ್ತಾರೆ. ಬರ್ನ್‌ಔಟ್ ಅದಲ್ಲ. 1974ರಲ್ಲಿ ಫ್ರಾಯ್ಡನ್‌ಬರ್ಗರ್ ಅನ್ನುವ ಮನಶ್ಶಾಸ್ತ್ರಜ್ಞ ಈ ಪದ ಇಟ್ಟುಕೊಂಡು ಬರೆದದ್ದು ಸಹಾಯ ಕೇಂದ್ರಗಳಲ್ಲಿ ಮನಸಾರೆ ದುಡಿಯುತ್ತಿದ್ದವರ ಬಗ್ಗೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂರು ಲಕ್ಷಣ ಹೇಳಿತು: ಶಕ್ತಿ ಬತ್ತುವುದು, ಕೆಲಸದ ಮೇಲೆ ಮನಸ್ಸು ಮುರಿಯುವುದು, ಮಾಡಿದ ಕೆಲಸ ಕೈಹತ್ತದೆ ಹೋಗುವುದು. ಇದು ಕಾಯಿಲೆ ಅಲ್ಲ, ಕೆಲಸದಿಂದ ಬರುವ ಸ್ಥಿತಿ ಅಂತಲೂ ಹೇಳಿತು. ನಮ್ಮಮ್ಮನ ಮಾತಲ್ಲಿ ಹೇಳುವುದಾದರೆ 'ತಳ ಹಿಡಿಯೋದು'. ಮೇಲೆ ನೋಡಿದರೆ ಅನ್ನ ಬೆಳ್ಳಗೇ ಇರುತ್ತದೆ, ಸೌಟು ಹಾಕಿದಾಗ ಗೊತ್ತಾಗುತ್ತದೆ.

ಮುಳಬಾಗಿಲಿನಿಂದ:

'ತಳ ಹಿಡಿ' ಚೆನ್ನಾಗಿದೆ. 'ಸುಸ್ತು' ಪಾರಸಿ. ಇಲ್ಲಿ ಬರೆಯುವಾಗಲಾದರೂ ಅದನ್ನು ಬಿಡಬಹುದಿತ್ತು.

ಚಿಂತಾಮಣಿಯಿಂದ:

ಪಾರಸಿ, ಅರಬಿ ಎಲ್ಲ ಬಿಡೋಣ ಅಂದರೆ ನೌಕರಿ ಹೋಯಿತು, ಹಾಜರಿ ಹೋಯಿತು, ರಜಾ ಹೋಯಿತು. ವಜಾ ಹೋದರೆ ಮಾತ್ರ ನನ್ನ ಅಭ್ಯಂತರ ಇಲ್ಲ.

ಮುಳಬಾಗಿಲಿನಿಂದ:

ತಮಾಷೆ ಸಾಕು. ಪಕ್ಕದ ತಮಿಳರು ಮಾಡಿ ತೋರಿಸಲಿಲ್ಲವೇ?

ಗುಬ್ಬಿಯಿಂದ:

ಅವರ ಆಫೀಸಿನಲ್ಲೂ 'ಲೀವ್' ಅಂತಲೇ ಕೇಳುತ್ತಾರೆ. ಸುಮ್ನೆ ಇರಿ. ತುಮಕೂರಿನವರಿಗೆ ಪ್ರೆಸ್‌ಗೆ ಕಳಿಸಬೇಕು.

ತುಮಕೂರಿನಿಂದ:

ಕಳಿಸಿದೆ. ಫ್ಲೆಕ್ಸ್ ಮೇಲೆ: 'ಸಾಂಸ್ಥಿಕ ವರ್ತನೆ, ಕೆಲಸದ ಜಾಗದ ನೆಮ್ಮದಿ'. 'ಕಚೇರಿಯ ನೆಮ್ಮದಿ' ಅಂದರೆ ಮೇಡಂ ಮಾತಾಡಿಸಿದ ಕಾರ್ಖಾನೆಯವರು ಹೊರಗೆ ಉಳಿಯುತ್ತಾರೆ ಅಂತ ಹೀಗೆ ಮಾಡಿದೆ. ಪರಿಚಯದಲ್ಲಿ ಬರ್ನ್‌ಔಟ್ ಹಾಗೇ ಬಿಟ್ಟು, ಮೊದಲ ಸಲ ಬಂದ ಕಡೆ ತಳ ಹಿಡಿದ ಅನ್ನದ ಮಾತು ಸೇರಿಸಿದ್ದೇನೆ. ಶಿಡ್ಲಘಟ್ಟದ ಅಮ್ಮನವರಿಗೆ ನಮಸ್ಕಾರ ಹೇಳಿ.

ಮುಳಬಾಗಿಲಿನಿಂದ:

'ಜಾಗ'ವೂ ಪಾರಸಿ. 'ಎಡೆ' ಎಂದು ತಿದ್ದಿ. ಕೆಲಸದೆಡೆಯ ನೆಮ್ಮದಿ.

ತುಮಕೂರಿನಿಂದ:

ಸಾರ್, ನಮ್ಮ ಕಡೆ ಎಡೆ ಇಡೋದು ತೀರಿಕೊಂಡವರಿಗೆ. ಮೇಡಂ ಬರೀ ನಿವೃತ್ತರಾಗ್ತಿದ್ದಾರೆ.