ಈಥರ್ ಇನ್ನೂ ಬೇಕಾ? ಫಿಸಿಕ್ಸ್ ಮೇಡಂ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಮೇಡಂ ಡಿಗ್ರಿ ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡಿ ರಿಟೈರ್ ಆದವರು, ಎಷ್ಟೊತ್ತಾದ್ರೂ ಉತ್ತರ ಕೊಡ್ತೀನಿ ಅಂದಿದಾರೆ. ವಿಷಯ ಈಥರ್. ಶಬ್ದಕ್ಕೆ ಗಾಳಿ ಬೇಕು, ನೀರಲೆಗೆ ನೀರು ಬೇಕು, ಹಂಗೇ ಬೆಳಕಿಗೂ ಒಂದು ಮಾಧ್ಯಮ ಇರ್ಲೇಬೇಕು, ಅದು ಇಡೀ ಆಕಾಶ ತುಂಬಿದೆ ಅಂತ 19ನೇ ಶತಮಾನದ ವಿಜ್ಞಾನಿಗಳು ನಂಬಿದ್ರಲ್ಲ, ಅದು. ದಯವಿಟ್ಟು ಫಾರ್ವರ್ಡ್ ಹಾಕ್ಬೇಡಿ.

ಮಂಡ್ಯದ ಸದಸ್ಯ: ಮೇಡಂ ಈಥರ್ ಇದೆಯೋ ಇಲ್ವೋ ಒಂದೇ ಮಾತಲ್ಲಿ ಹೇಳಿ

ಮೇಡಂ: ಬೆಳಕನ್ನ ಹೊತ್ತುಕೊಂಡು ಹೋಗೋ, ತನ್ನದೇ ಒಂದು ನಿಂತ ಸ್ಥಿತಿ ಇರೋ ವಸ್ತು ಅಂತ ಕೇಳಿದ್ರೆ, ಇಲ್ಲ.

ಬಿಎಸ್ಸಿ ವಿದ್ಯಾರ್ಥಿನಿ, ಹಾಸನ: ಮೇಡಂ ನಮಸ್ತೆ, 1887ರ ಮೈಕಲ್ಸನ್ ಮಾರ್ಲಿ ಪ್ರಯೋಗದ ಲೆಕ್ಕ ಮಾಡ್ತಿದೀನಿ, ಬೆಳಕನ್ನ ಒಂದಕ್ಕೊಂದು ಅಡ್ಡ ಇರೋ ಎರಡು ತೋಳಲ್ಲಿ ಕಳಿಸಿ ಈಥರ್‌ನಲ್ಲಿ ಭೂಮಿಯ ಓಟ ಹುಡುಕಿದ್ರಲ್ಲ, ಅದು. ತೋಳಿನ ಉದ್ದ 11 ಮೀಟರ್, ಭೂಮಿ ವೇಗ ಸೆಕೆಂಡಿಗೆ 30 ಕಿಮೀ, ಬೆಳಕಿನ ತರಂಗದೂರ 550 ನ್ಯಾನೋಮೀಟರ್ ಇಟ್ರೆ ಫ್ರಿಂಜ್, ಅಂದ್ರೆ ಎರಡು ಬೆಳಕು ಸೇರಿದಾಗ ಕಾಣೋ ಪಟ್ಟೆ, ಸರಿಯೋದು ನಂಗೆ 0.2 ಬರುತ್ತೆ, ಪುಸ್ತಕದಲ್ಲಿ 0.4 ಅಂತಿದೆ. ಎಲ್ಲಿ ತಪ್ಪಿದೀನಿ?

ಫಾರ್ಮಸಿ ಅಂಗಡಿ, ತಿಪಟೂರು: ಈಥರ್ ಅಂದ್ರೆ ಮೊದ್ಲು ಆಪರೇಷನ್‌ಗೆ ಮೂಗಿಗೆ ಹಿಡೀತಿದ್ದದ್ದೇನಾ ಮೇಡಂ

ಮೇಡಂ: ಅಲ್ಲ. ಹೆಸರು ಮಾತ್ರ ಒಂದೇ.

ನಿವೃತ್ತ ಇಂಜಿನಿಯರ್: ಮೇಡಂ, ಡಚ್ ವಿಜ್ಞಾನಿ ಲೊರೆಂಟ್ಸ್ ಈಥರ್ ಇಟ್ಕೊಂಡೇ ಸಮೀಕರಣ ಬರೆದ್ರು, ಐನ್‌ಸ್ಟೈನ್ 1905ರಲ್ಲಿ ಅದಿಲ್ದೆ ಬರೆದ್ರು, ಉತ್ತರ ಎರಡರಲ್ಲೂ ಒಂದೇ. ಹಂಗಿದ್ಮೇಲೆ ಈಥರ್ ಬಿಡೋದು ಬರೀ ರುಚಿಯ ವಿಷಯ ಆಯ್ತಲ್ವಾ?

ಮೇಡಂ: ಒಳ್ಳೆ ಪ್ರಶ್ನೆ ಸರ್, ಆದ್ರೆ ಬರೀ ರುಚಿ ಅಲ್ಲ. ಲೊರೆಂಟ್ಸ್ ಅವರ ಈಥರ್‌ನಲ್ಲಿ ಓಡೋ ಅಳತೆಪಟ್ಟಿ ಕುಗ್ಗುತ್ತೆ, ಗಡಿಯಾರ ನಿಧಾನ ಆಗುತ್ತೆ, ಅದೂ ಎಷ್ಟು ಕರಾರುವಾಕ್ಕಾಗಿ ಅಂದ್ರೆ ನಾವು ಈಥರ್‌ನಲ್ಲಿ ಎಷ್ಟು ವೇಗವಾಗಿ ಹೋಗ್ತಿದೀವಿ ಅಂತ ಯಾವತ್ತೂ ಗೊತ್ತಾಗಬಾರದು ಅಷ್ಟು. ಯಾವ ಅಳತೆಗೂ ಸಿಗದ ವೇಗವನ್ನ ಸಿದ್ಧಾಂತದಲ್ಲಿ ಇಟ್ಕೊಂಡು ಏನ್ ಮಾಡೋದು? ನಾನು ಕ್ಲಾಸಲ್ಲಿ ಯಾವಾಗ್ಲೂ ಒಂದೇ ಕೇಳ್ತಿದ್ದೆ, ಈಥರ್ ಇದೆ ಅನ್ನೋರು ಅದರ ಎದುರು ನಮ್ಮ ವೇಗ ಎಷ್ಟು ಅಂತ ಒಂದು ಸಂಖ್ಯೆ ಕೊಡಿ. ಈಗ ಕನ್ನಡಿಗಳ ನಡುವೆ ಲೇಸರ್ ಬೆಳಕು ಓಡಾಡಿಸೋ ಕುಳಿಗಳಲ್ಲಿ ಮಾಡಿರೋ ಪ್ರಯೋಗದಲ್ಲಿ ಬೆಳಕಿನ ವೇಗ ದಿಕ್ಕಿನಿಂದ ದಿಕ್ಕಿಗೆ 10ರ ಮೈನಸ್ 17ನೇ ಘಾತದಷ್ಟೂ ಬದಲಾಗಿದ್ದು ಕಂಡಿಲ್ಲ.

ಮಂಗಳೂರಿನ ಸದಸ್ಯ: "ಐನ್‌ಸ್ಟೈನ್ 1920ರಲ್ಲಿ ಈಥರ್ ಇದೆ ಅಂತ ಒಪ್ಪಿಕೊಂಡರು, ಜಗತ್ತಿನಿಂದ ಮುಚ್ಚಿಟ್ಟ ಸತ್ಯ" ಇದು ನಿಜಾನಾ ಮೇಡಂ

ಮೇಡಂ: ಅರ್ಧ ಹೇಳಿ ಅರ್ಧ ನುಂಗಿದಾರೆ. ಹಾಲೆಂಡಿನ ಲೈಡನ್‌ನಲ್ಲಿ ಆ ಭಾಷಣ ಮಾಡಿದ್ದು ನಿಜ. ಸಾಮಾನ್ಯ ಸಾಪೇಕ್ಷತೆ, ಅಂದ್ರೆ ಅವರ ಗುರುತ್ವದ ಸಿದ್ಧಾಂತದ ಪ್ರಕಾರ ಖಾಲಿ ಜಾಗಕ್ಕೂ ಭೌತಿಕ ಗುಣ ಇದೆ, ಆ ಅರ್ಥದಲ್ಲಿ ಈಥರ್ ಅನ್ನಬಹುದು ಅಂದ್ರು. ಆದ್ರೆ ಅದೇ ಭಾಷಣದಲ್ಲಿ, ಅದಕ್ಕೆ ಬಿಡಿಬಿಡಿ ಭಾಗ ಇದೆ ಅಂತಾಗಲಿ ಅದು ಚಲಿಸುತ್ತೆ ಅಂತಾಗಲಿ ಅನ್ನೋ ಹಾಗಿಲ್ಲ ಅಂತಾನೂ ಹೇಳಿದಾರೆ. ಮುಚ್ಚಿಟ್ಟಿದ್ದು ಏನೂ ಇಲ್ಲ, ಅಚ್ಚಾಗಿದೆ.

ತುಮಕೂರಿನ ಸದಸ್ಯೆ: ಮೇಡಂ ಇದು ಇಲ್ಲಿ ಕೇಳ್ಬೋದೋ ಇಲ್ವೋ ಗೊತ್ತಿಲ್ಲ. ನಮ್ಮಮ್ಮ ಒಂದು ಈಥರ್ ಎನರ್ಜಿ ಪೆಂಡೆಂಟ್ ತಗೊಂಡಿದಾರೆ, ಕಪ್ಪು ಕಲ್ಲಿನ ಥರ ಇದೆ, ರಾತ್ರಿ ಹಗಲು ಕುತ್ತಿಗೆಯಲ್ಲೇ ಇರುತ್ತೆ, 5ಜಿ ತಡೆಯುತ್ತಂತೆ. ಜೊತೆಗೆ ಬಂದ ಮೆಸೇಜ್‌ನಲ್ಲಿ ಅದನ್ನ ರಾತ್ರಿ ನೀರಲ್ಲಿ ಹಾಕಿಟ್ಟು ಬೆಳಿಗ್ಗೆ ಕುಡೀರಿ, ಬಿಪಿ ತಾನಾಗೇ ಇಳಿಯುತ್ತೆ ಅಂತ ಇತ್ತು. 10 ದಿನದಿಂದ ಮಾತ್ರೆ ಬಿಟ್ಟಿದಾರೆ.

ಮೇಡಂ: ಮೊದ್ಲು ಬಿಪಿ ಮಾತ್ರೆ. ನಾನು ಡಾಕ್ಟರಲ್ಲ, ಇವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿ 10 ದಿನದಿಂದ ತಗೊಂಡಿಲ್ಲ ಅಂತ ಹೇಳಿ, ಅವರು ಹೇಳಿದ ಹಾಗೆ ಮತ್ತೆ ಶುರು ಮಾಡ್ಸಿ, ನಾಳೆ ಅಂತ ಬಿಡ್ಬೇಡಿ. ಎರಡನೇದು ಆ ನೀರು, ಇನ್ನೊಂದು ಗುಟುಕೂ ಬೇಡ. ಮೂರನೇದು ಪೆಂಡೆಂಟ್ ಬಿಚ್ಚಿಸಿ. ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ 2021ರ ಡಿಸೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಪರಮಾಣು ಸುರಕ್ಷತಾ ಸಂಸ್ಥೆ ಇದೇ ಥರ 5ಜಿ ತಡೆಯುತ್ತೆ ಅಂತ ಮಾರ್ತಿದ್ದ 10 ಸಾಮಾನು ಪರೀಕ್ಷೆ ಮಾಡಿ, ಅವು ವಿಕಿರಣ ಸೂಸ್ತಿವೆ, ಹಾಕ್ಕೋಬೇಡಿ ಅಂತ ಎಚ್ಚರಿಕೆ ಕೊಡ್ತು. ಪೆಂಡೆಂಟ್ ಇತ್ತು, ಮಕ್ಕಳ ಬಳೆ ಇತ್ತು, ಮಲಗುವಾಗ ಕಣ್ಣಿಗೆ ಕಟ್ಟೋ ಪಟ್ಟಿನೂ ಇತ್ತು. ಈ ಜಾತಿಯ ಪೆಂಡೆಂಟ್‌ಗಳಲ್ಲಿ ಥೋರಿಯಂ ಇರೋ ಖನಿಜದ ಪುಡಿ ಸಿಕ್ಕಿದೆ. "ಶಕ್ತಿ ಹೊರಡುತ್ತೆ" ಅಂತ ಮಾರೋನು ಹೇಳಿದ್ದು ಅಷ್ಟರ ಮಟ್ಟಿಗೆ ಸುಳ್ಳಲ್ಲ, ಹೊರಡೋದು ವಿಕಿರಣ. ನಿಮ್ಮಮ್ಮನದು ಹಾಗೇ ಇದೆ ಅಂತ ನೋಡದೆ ನಾನು ಹೇಳಲ್ಲ, ಆದ್ರೆ ಅಳೆಯೋವರೆಗೂ ಮೈಮೇಲೆ ಇರೋದು ಬೇಡ. ಒಡೀಬೇಡಿ, ಉಜ್ಜಬೇಡಿ, ಪುಡಿ ಒಳಗೆ ಹೋದ್ರೆ ಇನ್ನೂ ಕೆಟ್ಟದ್ದು. ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ, ಮಕ್ಕಳು ಮಲಗೋ ಕೋಣೆಯಿಂದ ದೂರ ಇಡಿ. ಹತ್ತಿರದ ಯೂನಿವರ್ಸಿಟಿ ಫಿಸಿಕ್ಸ್ ವಿಭಾಗದಲ್ಲಿ ವಿಕಿರಣ ಅಳೆಯೋ ಗೈಗರ್ ಕೌಂಟರ್ ಸಾಮಾನ್ಯವಾಗಿ ಇರುತ್ತೆ, ಕೇಳಿ ನೋಡಿ. ಅಮ್ಮನಿಗೆ ಬೈಬೇಡಿ, ಮಗಳು ಬೈದ್ರೆ ಬಚ್ಚಿಟ್ಟು ಹಾಕ್ಕೋತಾರೆ.

ತುಮಕೂರಿನ ಸದಸ್ಯೆ: ಮೇಡಂ ಕೈ ನಡುಗ್ತಿದೆ, ಈಗ್ಲೇ ಫೋನ್ ಮಾಡ್ತೀನಿ

ಶಿರಸಿಯ ಸದಸ್ಯ: ಎಲ್ಲಾ ಪೆಂಡೆಂಟೂ ಹಾಗಲ್ಲ. ನಮ್ಮ ಅತ್ತೆಗೆ ಮಂಡಿನೋವು ಹೋಯ್ತು, ಈಥರ್ ಶಕ್ತಿನೇ. ವಿದ್ಯುತ್ ಸಂಶೋಧಕ ಟೆಸ್ಲಾನೂ ಈಥರ್ ನಂಬ್ತಿದ್ದ

ಮೇಡಂ: ಟೆಸ್ಲಾ ನಂಬಿದ್ದು ಪುರಾವೆ ಅಲ್ಲ. ಪೆಂಡೆಂಟ್ ಬಗ್ಗೆ ಮೇಲೆ ಬರ್ದಿದೀನಿ.

ಬೆಂಗಳೂರಿನ ಸದಸ್ಯ: ಇದಕ್ಕೆಲ್ಲ ಯಾಕೆ ಯುರೋಪಿಗೆ ಹೋಗ್ಬೇಕು ಸ್ವಾಮಿ, ಪಂಚಭೂತದಲ್ಲಿ ಆಕಾಶ ಅಂತ ನಮ್ಮವರು ಸಾವಿರಾರು ವರ್ಷ ಹಿಂದೇನೇ ಹೇಳಿದಾರೆ, ಅದೇ ಈಥರ್

ಸಂಸ್ಕೃತ ಉಪನ್ಯಾಸಕರು, ಮೈಸೂರು: ಕ್ಷಮಿಸಿ, ಅದೇ ಅಲ್ಲ. ವೈಶೇಷಿಕ ದರ್ಶನದಲ್ಲಿ ಆಕಾಶದ ಗುಣ ಶಬ್ದ. ರೂಪ ಅಂದ್ರೆ ಕಣ್ಣಿಗೆ ಕಾಣೋ ಬಣ್ಣ, ಅದು ತೇಜಸ್ಸು, ನೀರು, ಪೃಥ್ವಿಯ ಗುಣ, ಆಕಾಶದ್ದಲ್ಲ. ತರ್ಕಸಂಗ್ರಹ ಅನ್ನೋ ಪಠ್ಯದಲ್ಲಿ "ಶಬ್ದಗುಣಕಮಾಕಾಶಮ್", ಅಂದ್ರೆ ಶಬ್ದ ಗುಣವಾಗಿರೋದು ಆಕಾಶ, ಅಂತ ಸ್ಪಷ್ಟವಾಗಿದೆ, ಮೊದಲ ವರ್ಷದಲ್ಲೇ ಓದಿಸ್ತೀವಿ. ಬೆಳಕನ್ನ ಹೊರೋ ಈಥರ್‌ಗೆ ಅದನ್ನ ಅಂಟಿಸಿದ್ರೆ ಎರಡಕ್ಕೂ ಅನ್ಯಾಯ.

ಬೆಂಗಳೂರಿನ ಸದಸ್ಯ: ನೀವು ಸಂಸ್ಕೃತ ಓದ್ಕೊಂಡೇ ಹೀಗೆ ಹೇಳ್ತೀರಲ್ಲ, ನಾಚಿಕೆ ಆಗ್ಬೇಕು

ಸಂಸ್ಕೃತ ಉಪನ್ಯಾಸಕರು, ಮೈಸೂರು: ಓದಿರೋದಕ್ಕೇ ಹೇಳ್ತಿರೋದು. ನೀವು ಒಂದು ಸೂತ್ರ ತೋರ್ಸಿ, ನಾಚಿಕೆ ಆಮೇಲೆ ನೋಡೋಣ.

ಧಾರವಾಡದ ಸದಸ್ಯ: ಏನ್ರೀ ಇಬ್ರೂ, ಮೇಡಂ ಉತ್ತರ ಹುಡುಕಾಕ ಮ್ಯಾಲ ಹೋಗಬೇಕಾಗೇದ. ಹಾಸನದ ಹುಡುಗಿ ಲೆಕ್ಕ ಕೇಳಿ ತಾಸಾತು, ಯಾರೂ ನೋಡವಲ್ರು

ಬೆಂಗಳೂರಿನ ಸದಸ್ಯ: ನೀವ್ಯಾರ್ರೀ ಮಧ್ಯ

ಎಂಎಸ್ಸಿ ಹುಡುಗ, ಕಲಬುರಗಿ: ಮೇಡಂ, ವಿಶ್ವದ ಹಿನ್ನೆಲೆ ಮೈಕ್ರೋವೇವ್, ಅಂದ್ರೆ ಬಿಗ್ ಬ್ಯಾಂಗ್‌ನಿಂದ ಉಳಿದು ಎಲ್ಲಾ ದಿಕ್ಕಿಂದ ಬರೋ ವಿಕಿರಣ, ನೋಡಿದ್ರೆ ಸೌರಮಂಡಲ ಸೆಕೆಂಡಿಗೆ 370 ಕಿಮೀ ವೇಗದಲ್ಲಿ ಹೋಗ್ತಿದೆ ಅಂತ ಗೊತ್ತಾಗುತ್ತೆ. ನೀವು ಸಂಖ್ಯೆ ಕೊಡಿ ಅಂದ್ರಲ್ಲ, ಇದೇ ಆ ಸಂಖ್ಯೆ ಅಲ್ವಾ?

ಮೇಡಂ: ಇವತ್ತು ಬಂದಿರೋದ್ರಲ್ಲಿ ನಂಗೆ ಬಹಳ ಇಷ್ಟವಾದ ಪ್ರಶ್ನೆ ಇದು. 370 ಸರಿಯಾಗೇ ಇದೆ. ನಾವು ಹೋಗೋ ಕಡೆ, ಸಿಂಹ ರಾಶಿಯ ದಿಕ್ಕಲ್ಲಿ, ಆ 2.725 ಕೆಲ್ವಿನ್ ವಿಕಿರಣ ಮೂರು ಮಿಲಿಕೆಲ್ವಿನ್ ಚಿಲ್ಲರೆ ಬಿಸಿ ಕಾಣುತ್ತೆ, ಹಿಂದಿನ ಕಡೆ ಅಷ್ಟೇ ತಣ್ಣಗೆ. ಆದ್ರೆ ಇದು ಯಾವುದರ ಎದುರಿನ ವೇಗ ನೋಡು. ಆ ವಿಕಿರಣದ ಎದುರು. ರಾತ್ರಿ ಬಸ್ಸಲ್ಲಿ ಕಿಟಕಿ ಆಚೆ ಮರ ನೋಡಿ ವೇಗ ಹೇಳ್ತೀವಿ, ಹಾಗಂತ ಬಸ್ಸಿನೊಳಗಿನ ಬಲ್ಬಿನ ಬೆಳಕನ್ನ ಆ ಮರಗಳು ಹೊತ್ಕೊಂಡು ಹೋಗ್ತಿವೆಯಾ? ಇಲ್ಲ. ಲೊರೆಂಟ್ಸ್ ಅವರ ಕುಗ್ಗೋ ಅಳತೆಪಟ್ಟಿ ಇಲ್ಲದ ಹಳೇ ಈಥರ್ ಆಗಿದ್ರೆ ಪರದೆ ಎಳೆದು ಒಳಗೇ ಕೂತು ಬೆಳಕನ್ನ ಅಳೆದ್ರೂ ವೇಗ ಗೊತ್ತಾಗ್ಬೇಕಿತ್ತು. ಈಗ ಹಾಸನದ ಹುಡುಗಿ ಲೆಕ್ಕಕ್ಕೇ ಇದನ್ನ ಹಾಕು. 30 ಕಿಮೀಗೆ 0.4 ಫ್ರಿಂಜ್, ಅದು ವೇಗದ ವರ್ಗದ ಜೊತೆ ಏರುತ್ತೆ, 370 ಅಂದ್ರೆ 12 ಪಟ್ಟು ಮೇಲೆ, ವರ್ಗ ಮಾಡಿದ್ರೆ ಸುಮಾರು 150. ದಿಕ್ಕು ಅನುಕೂಲವಾಗಿದ್ರೆ 60 ಫ್ರಿಂಜ್ ಸರೀಬೇಕು! 1887ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಪಾದರಸದ ಮೇಲೆ ತೇಲಿಸಿದ ಆ ಕಲ್ಲುಚಪ್ಪಡಿ ಸುತ್ತ ನಡೀತಾ ನೋಡಿದಾಗ ಮೈಕಲ್ಸನ್, ಮಾರ್ಲಿ ಅವರಿಗೆ 0.4ರ ಇಪ್ಪತ್ತನೇ ಒಂದು ಭಾಗವೂ ಕಾಣ್ಲಿಲ್ಲ. ಬೇರೆ ಪ್ರಯೋಗ ಬಿಡು, ನೀ ಕೊಟ್ಟ 370 ಮತ್ತು ಆ ಫಲಿತಾಂಶ ಎರಡನ್ನ ಪಕ್ಕಪಕ್ಕ ಇಟ್ರೇ ಸಾಕು, ಆಗೋದಿಲ್ಲ ಅಂತ ಗೊತ್ತಾಗುತ್ತೆ.

ಎಂಎಸ್ಸಿ ಹುಡುಗ, ಕಲಬುರಗಿ: 60 ಫ್ರಿಂಜ್ ಅಂತ ನಾನು ಯೋಚನೆನೇ ಮಾಡಿರ್ಲಿಲ್ಲ ಮೇಡಂ. ಖಾಲಿ ಜಾಗದಲ್ಲೂ ಏನೋ ಇದೆ ಅನ್ನೋ ಕ್ವಾಂಟಮ್ ಶೂನ್ಯ, ಕಣಗಳಿಗೆ ದ್ರವ್ಯರಾಶಿ ಕೊಡೋ ಹಿಗ್ಸ್ ಕ್ಷೇತ್ರ ಇವನ್ನ ಹೊಸ ಈಥರ್ ಅನ್ನಬಹುದಾ?

ಮೇಡಂ: ಅನ್ನಬಾರದು ಅಂತ ಕಾನೂನಿಲ್ಲ, ಕ್ವಾಂಟಮ್ ವಿಜ್ಞಾನಿ ಡಿರಾಕ್ 1951ರಲ್ಲಿ ಈಥರ್ ಇದೆಯೇ ಅಂತಾನೇ ಪತ್ರಿಕೆಗೆ ಬರೆದಿದ್ರು. ಶೂನ್ಯ ಬರೀ ಖಾಲಿ ಅಲ್ಲ, ಖಾಲಿ ಜಾಗದಲ್ಲಿ ಎರಡು ಲೋಹದ ತಟ್ಟೆಗಳನ್ನ ಹತ್ತಿರ ಎಳೆಯುತ್ತೆ ಅಂತ ಕ್ಯಾಸಿಮಿರ್ 1948ರಲ್ಲಿ ಹೇಳಿದ ಬಲವನ್ನ ಅಳೆದೂ ಆಗಿದೆ. ಆದ್ರೆ ಈ ಶೂನ್ಯ, ವೇಗ ಬದಲಿಸದೆ ನೇರ ಹೋಗೋ ಎಲ್ಲರಿಗೂ, ಅವರ ವೇಗ ಎಷ್ಟೇ ಇರ್ಲಿ, ಒಂದೇ ಥರ ಕಾಣುತ್ತೆ. ಹಳೇ ಹೆಸರು ಇಟ್ರೆ ಜನಕ್ಕೆ ಹಳೇ ಗುಣಾನೇ ನೆನಪಾಗುತ್ತೆ, ಪೆಂಡೆಂಟ್ ಮಾರೋರಿಗೂ ಅನುಕೂಲ, ನಾನಂತೂ ಇಡಲ್ಲ.

ಶಿರಸಿಯ ಸದಸ್ಯ: ಮಿಲ್ಲರ್ ಅಂತ ವಿಜ್ಞಾನಿ 1925ರಲ್ಲಿ ಭೂಮಿಗೆ ಎದುರಾಗಿ ಬೀಸೋ ಈಥರ್ ಗಾಳಿ ಕಂಡುಹಿಡಿದ, ಅದನ್ನ ಯಾಕೆ ಹೇಳಲ್ಲ ನೀವು? ಉತ್ತರ ಇಲ್ವಾ?

ಮೇಡಂ: ಇದೆ. ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಸೆಕೆಂಡಿಗೆ 10 ಕಿಮೀ ಆಸುಪಾಸು ಅಂದ್ರು. 1955ರಲ್ಲಿ ಶ್ಯಾಂಕ್‌ಲ್ಯಾಂಡ್ ಮತ್ತು ಜೊತೆಯವರು ಮಿಲ್ಲರ್ ಅವರದೇ ಹಾಳೆಗಳನ್ನ ತೆಗೆದು ನೋಡಿ, ಅದು ಕೋಣೆಯ ಉಷ್ಣತೆಯ ಏರುಪೇರು ಅಂದ್ರು.

ಮಂಡ್ಯದ ಸದಸ್ಯ: ಹಂಗಾದ್ರೆ ಈಥರ್ ಇದೆಯೋ ಇಲ್ವೋ ಮೇಡಂ

ಮೇಡಂ: ಮೇಲೆ ನೋಡಿ.

ದುಬೈ ಕನ್ನಡಿಗ: ವಿಶ್ವ ಹಿಗ್ಗೋ ವೇಗ ಹೆಚ್ಚಿಸ್ತಿದೆ ಅನ್ನೋ ಡಾರ್ಕ್ ಎನರ್ಜಿನೇ ಈಥರ್ ಇರ್ಬೋದಾ ಮೇಡಂ?

ಬೆಂಗಳೂರಿನ ಸದಸ್ಯ: ಇವರಿಗೆ ನಮ್ಮ ಶಾಸ್ತ್ರ ಅಂದ್ರೆ ಆಗಲ್ಲ, ಬಿಳಿಯರು ಹೇಳಿದ್ರೆ ಮಾತ್ರ ವಿಜ್ಞಾನ

ಸಂಸ್ಕೃತ ಉಪನ್ಯಾಸಕರು, ಮೈಸೂರು: ಸೂತ್ರ ಇನ್ನೂ ಬಂದಿಲ್ಲ.

ಬೆಂಗಳೂರಿನ ಸದಸ್ಯ: ನಿಮ್ಮಂಥೋರಿಗೆ ಯಾಕೆ ತೋರಿಸ್ಬೇಕು

ಅಡ್ಮಿನ್: ಇಬ್ರೂ ನಿಲ್ಸಿ. ಇನ್ನೊಂದು ಮೆಸೇಜ್ ಬಂದ್ರೆ ತೆಗೀತೀನಿ.

ತುಮಕೂರಿನ ಸದಸ್ಯೆ: ಮೇಡಂ, ಡಾಕ್ಟರ್ ಜೊತೆ ಮಾತಾಡಿದೆ, ಈಗ್ಲೇ ಕರ್ಕೊಂಡು ಬನ್ನಿ ಅಂದ್ರು, ಹೊರಟಿದೀವಿ. ಪೆಂಡೆಂಟ್ ಸ್ಟೀಲ್ ಡಬ್ಬಿಗೆ ಹಾಕಿ ಹಿತ್ತಲ ಶೆಡ್ಡಲ್ಲಿ ಇಟ್ಟಿದೀನಿ.

ಮೇಡಂ: ಒಳ್ಳೇದಾಯ್ತು. ಬಂದ ಮೇಲೆ ಒಂದು ಮಾತು ಹಾಕಿ, ಕಾಯ್ತಿರ್ತೀನಿ.

ಬಿಎಸ್ಸಿ ವಿದ್ಯಾರ್ಥಿನಿ, ಹಾಸನ: ಮೇಡಂ ನನ್ನ 0.2…

ಮೇಡಂ: ಅಯ್ಯೋ, ನಿನ್ನ ಲೆಕ್ಕಾನೇ ಬಳಸ್ಕೊಂಡು ನಿಂಗೇ ಉತ್ತರ ಕೊಡ್ಲಿಲ್ಲ ನೋಡು. ನಿಂದು ತಪ್ಪಿಲ್ಲಮ್ಮ, ಅರ್ಧಕ್ಕೆ ನಿಂತಿದೆ. 0.2 ಬರೋದು ಉಪಕರಣ ಒಂದು ಕಡೆ ನಿಂತಾಗ ಎರಡು ತೋಳಿನ ನಡುವಿನ ವ್ಯತ್ಯಾಸ. ಅವರು ಅದನ್ನ 90 ಡಿಗ್ರಿ ತಿರುಗಿಸ್ತಿದ್ರು, ಆಗ ಮುಂದಿದ್ದ ತೋಳು ಅಡ್ಡಕ್ಕೆ, ಅಡ್ಡ ಇದ್ದದ್ದು ಮುಂದಕ್ಕೆ ಬರುತ್ತೆ, ಪ್ಲಸ್ 0.2 ಹೋಗಿ ಮೈನಸ್ 0.2 ಆಗುತ್ತೆ. ಸರಿದದ್ದು ಒಟ್ಟು ಎಷ್ಟು?

ಬಿಎಸ್ಸಿ ವಿದ್ಯಾರ್ಥಿನಿ, ಹಾಸನ: 0.4!