ಎಐ ಚಿತ್ರ ಮಾಡುವ ತಾಣಕ್ಕೆ ಲಾಗಿನ್ ಆಗುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಲಿ-ಕಲಿ ಮಕ್ಕಳಿಗೆ ಚಿತ್ರದ ಕಾರ್ಡು ಮಾಡಲು ಒಂದು ಎಐ ತಾಣ ಬಳಸುತ್ತೇನೆ. ಈಗ ಒಳಗೆ ಹೋಗೋಕೇ ಆಗುತ್ತಿಲ್ಲ.

ಗೂಗಲ್ ಮೂಲಕ ಲಾಗಿನ್ ಒತ್ತಿದರೆ ಯಾವ ಖಾತೆ ಅಂತ ಕೇಳುತ್ತದೆ. ಆರಿಸಿದರೆ ಒಂದು ಕ್ಷಣ ಬಿಳಿ ಪರದೆ ಬಂದು, ಮತ್ತೆ ಅದೇ ಲಾಗಿನ್ ಪುಟಕ್ಕೆ ತಂದು ನಿಲ್ಲಿಸುತ್ತದೆ. ಏನು ತೊಂದರೆ ಅಂತ ಒಂದು ಸಾಲೂ ಇಲ್ಲ. ಪಾಸ್‌ವರ್ಡ್ ತಪ್ಪಿದ್ದರೆ ಗೂಗಲ್ಲೇ ತಡೆಯುತ್ತಿತ್ತು, ಅಲ್ವಾ? ಹಾಗಾಗಿ ನನಗೆ ಕುಕೀ (ತಾಣ ನಮ್ಮ ಬ್ರೌಸರಿನಲ್ಲಿ ಉಳಿಸಿಡುವ ಸಣ್ಣ ಮಾಹಿತಿ) ಮೇಲೇ ಅನುಮಾನ. ಕ್ರೋಮ್‌ನಲ್ಲಿ ಆ ತಾಣದ ಕುಕೀ ಅಳಿಸಿದೆ. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಆಫ್ ಮಾಡಿದೆ. ವಿಪಿಎನ್ ಇಲ್ಲ, ಲ್ಯಾಪ್‌ಟಾಪಿನ ಗಡಿಯಾರವೂ ಸರಿ ಇದೆ. ಇನ್‌ಕಾಗ್ನಿಟೋದಲ್ಲೂ ಅದೇ ಕತೆ.

ಫೈರ್‌ಫಾಕ್ಸ್‌ನಲ್ಲಿ ಇಮೇಲ್, ಪಾಸ್‌ವರ್ಡ್ ಹಾಕಿದರೆ ಒಳಗೆ ಬಿಡುತ್ತದೆ. ಆದರೆ ಚಿತ್ರಕ್ಕೆ ಕೇಳಿದ ತಕ್ಷಣ 429 ಅಂತ ಬರುತ್ತದೆ. ಕಡಿಮೆ ಹೊತ್ತಲ್ಲಿ ಜಾಸ್ತಿ ಕೋರಿಕೆ ಬಂದರೆ ಸರ್ವರ್ ಕೊಡುವ ಸಂಕೇತ ಅದು. ಶಾಲೆಯ ವೈಫೈಯಲ್ಲಿ ಎಲ್ಲರೂ ಒಂದೇ ಐಪಿಯಿಂದ (ಇಂಟರ್‌ನೆಟ್ ವಿಳಾಸದಿಂದ) ಹೋಗುವುದರಿಂದ ಹೀಗಾಗುತ್ತಿದೆಯಾ? ಮೊಬೈಲ್ ಡೇಟಾದಲ್ಲಿ ಈ 429 ಕಾಣಲಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ನಿಜವಾದ ಚಿಂತೆ ಬೇರೆ. ಹೀಗೆ ಪಾಸ್‌ವರ್ಡ್ ಹಾಕಿ ಒಳಗೆ ಹೋದಾಗ ನನ್ನ ಹಳೆಯ ಚಿತ್ರಗಳೂ ಇಲ್ಲ, ದುಡ್ಡು ಕೊಟ್ಟ ಕ್ರೆಡಿಟ್ಟೂ ಇಲ್ಲ. ಒಂದೇ ಇಮೇಲ್ ಆದರೂ ಗೂಗಲ್ ಲಾಗಿನ್‌ಗೆ ಒಂದು, ಪಾಸ್‌ವರ್ಡ್‌ಗೆ ಒಂದು ಅಂತ ಎರಡು ಖಾತೆ ಆಗಿವೆಯೇನೋ. ಯಾರಾದರೂ ಇಂಥ ಎರಡು ಖಾತೆ ಸೇರಿಸಿಕೊಂಡಿದ್ದೀರಾ? ಸಹಾಯವಾಣಿಗೆ ಬರೆಯುವಾಗ ಪಾವತಿಯ ರಸೀದಿ ಬಿಟ್ಟು ಇನ್ನೇನು ಕಳಿಸಬೇಕು? ಗೊತ್ತಿದ್ದವರು ದಯವಿಟ್ಟು ಇಲ್ಲೇ ಹೇಳಿ. ಪಾಸ್‌ವರ್ಡ್ ಅಥವಾ ಒಟಿಪಿ ಕೇಳುವ ಮೆಸೇಜು ಮಾತ್ರ ಬೇಡ.