4ಎಲ್60ಇ ಗೇರ್‌ಬಾಕ್ಸ್: ಮನೆಯಲ್ಲಿ ಮಾಡಿದ ಸ್ಪ್ರಿಂಗ್ ಕಂಪ್ರೆಸರ್ ಓರೆಯಾಗುತ್ತಿದೆ, ಸ್ನ್ಯಾಪ್ ರಿಂಗ್ ಕೂರುತ್ತಿಲ್ಲ

ಒಹಾಯೊ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ನನ್ನ 2002ರ ಪಿಕಪ್ ಟ್ರಕ್ಕಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿದ್ದೇನೆ. 4ಎಲ್60ಇ, ಅಂದರೆ ಜನರಲ್ ಮೋಟಾರ್ಸ್ ಕಂಪನಿಯ ನಾಲ್ಕು ಗೇರಿನದು. ರಿವರ್ಸ್, ಎರಡು, ನಾಲ್ಕು ಮೂರೂ ಒಟ್ಟಿಗೇ ಹೋದವು. ಒಂದು ಮತ್ತು ಮೂರು ಮಾತ್ರ ಬರುತ್ತಿದ್ದವು. ಬಿಚ್ಚಿ ನೋಡಿದರೆ ಸನ್ ಶೆಲ್ (ನಡುವಿನ ಸನ್ ಗೇರನ್ನು ಹಿಡಿದಿರುವ ಬಟ್ಟಲಿನಂಥ ತಗಡು) ಕುತ್ತಿಗೆಯ ಹತ್ತಿರ ಹರಿದಿತ್ತು. ಗಟ್ಟಿಮುಟ್ಟಾದ ಹೊಸ ಶೆಲ್ ತರಿಸಿದ್ದೇನೆ. ಹೇಗೂ ಬಿಚ್ಚಿದ್ದಾಯಿತು ಅಂತ ಸೀಲು, ಕ್ಲಚ್ ಪ್ಲೇಟು ಎಲ್ಲಾ ಹೊಸದೇ ಹಾಕುತ್ತಿದ್ದೇನೆ.

ಈಗ ಕೇಸಿನ ತಳದಲ್ಲಿರುವ ಲೋ-ರಿವರ್ಸ್ ಪಿಸ್ಟನ್ (ಎಣ್ಣೆಯ ಒತ್ತಡಕ್ಕೆ ಎದ್ದು ಲೋ-ರಿವರ್ಸ್ ಕ್ಲಚ್ ಪ್ಲೇಟು ಒತ್ತುವ ಭಾಗ) ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಅದರ ಸ್ಪ್ರಿಂಗ್ ಒತ್ತುವುದಕ್ಕೆ ಅರ್ಧ ಇಂಚಿನ ಥ್ರೆಡ್ ರಾಡ್ ತಂದೆ. ಔಟ್‌ಪುಟ್ ಶಾಫ್ಟ್ ಇರುವ ತೂತಿನಲ್ಲಿ ತೂರಿಸಿ, ಕೇಸಿನ ಹಿಂದೆ ಒಂದು ಕಬ್ಬಿಣದ ಪಟ್ಟಿ, ಒಳಗೆ ಸ್ಪ್ರಿಂಗ್ ರಿಟೈನರ್ (ಸ್ಪ್ರಿಂಗುಗಳನ್ನು ಹಿಡಿದಿಡುವ ತಗಡು) ಮೇಲೆ ಇನ್ನೊಂದು ಪಟ್ಟಿ, ಎರಡೂ ಕಡೆ ನಟ್. ಬಿಚ್ಚುವಾಗ ಹೇಗೋ ಕೆಲಸ ಆಯಿತು. ಜೋಡಿಸುವಾಗ ರಿಟೈನರ್ ಓರೆಯಾಗಿ ಇಳಿಯುತ್ತಿದೆ. ಒಂದು ಕಡೆ ಸ್ನ್ಯಾಪ್ ರಿಂಗ್ (ರಿಟೈನರ್ ಮೇಲೆ ಬರದ ಹಾಗೆ ತಡೆಯುವ ಬಳೆ) ಕೂರುವ ತೋಡಿಗಿಂತ ಕೆಳಗೆ ಹೋಗುತ್ತದೆ, ಇನ್ನೊಂದು ಕಡೆ ಮೇಲೇ ಉಳಿಯುತ್ತದೆ. ನಟ್ ಇನ್ನೂ ಬಿಗಿ ಮಾಡಲಾ, ಅಥವಾ ದಪ್ಪ ಪಟ್ಟಿ ಹಾಕಲಾ?

ಗ್ಯಾರೇಜ್ ಭಟ್ರು:

ಮೊದಲು ನಟ್ ಸಡಿಲ ಮಾಡಿ. ಆ ರಿಟೈನರ್ ತೆಳು ತಗಡು. ಒಮ್ಮೆ ಬಗ್ಗಿದರೆ ಮತ್ತೆ ಸಮ ಆಗಲ್ಲ, ಹೊಸದೇ ತರಬೇಕು.

ಪಟ್ಟಿ ಬದಲಾಯಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ರಿಟೈನರಿನ ಯಾವ ಕಡೆ ಮೇಲೆ ಉಳಿಯುತ್ತಿದೆಯೋ ಅದರ ಎದುರಿಗೆ ಕೇಸಿನ ಮೇಲೆ ಮಾರ್ಕರ್ ಪೆನ್ನಿನಿಂದ ಗುರುತು ಹಾಕಿ. ಆಮೇಲೆ ಒಳಗಿನ ಪಟ್ಟಿಯನ್ನು ಕಾಲು ಸುತ್ತು ತಿರುಗಿಸಿಟ್ಟು ಮತ್ತೆ ನಿಧಾನಕ್ಕೆ ಒತ್ತಿ. ಎತ್ತರದ ಜಾಗ ಪಟ್ಟಿಯ ಜೊತೆಗೇ ಜರುಗಿತು ಅಂದರೆ ತೊಂದರೆ ನಿಮ್ಮ ಉಪಕರಣದಲ್ಲಿದೆ. ಗುರುತಿನ ಹತ್ತಿರವೇ ನಿಂತಿತು ಅಂದರೆ ಉಪಕರಣ ಸರಿಯಿದೆ, ಕೆಳಗಿನ ಪಿಸ್ಟನ್ ಪೂರ್ತಿ ಕೂತಿಲ್ಲ.

ಒಹಾಯೊ ಕನ್ನಡಿಗ:

ಮಾಡಿ ನೋಡಿದೆ ಭಟ್ರೇ. ಗುರುತು ಇದ್ದಲ್ಲೇ ಇದೆ. ಎರಡು ಸಲ ತಿರುಗಿಸಿಟ್ಟರೂ ಅದೇ ಕಡೆ ಎತ್ತರ. ಆದರೆ ಪಟ್ಟಿಯೂ ಸ್ವಲ್ಪ ವಾಲುತ್ತದೆ, ಅದು ನಿಜ.

ಗ್ಯಾರೇಜ್ ಭಟ್ರು:

ಹಾಗಾದರೆ ಎರಡೂ ಸರಿ ಮಾಡೋಣ. ಪಿಸ್ಟನ್ ಮೊದಲು.

ಪಿಸ್ಟನ್ ಒಂದು ಕಡೆ ಎತ್ತರದಲ್ಲಿದ್ದರೆ ಆ ಕಡೆಯ ಸ್ಪ್ರಿಂಗುಗಳು ಮೊದಲೇ ಅರ್ಧ ಕುಗ್ಗಿರುತ್ತವೆ. ಅವು ಜಾಸ್ತಿ ಜೋರಾಗಿ ಮೇಲೆ ತಳ್ಳುತ್ತವೆ. ರಿಟೈನರ್ ಓರೆಯಾಗುವುದು ಅದಕ್ಕೇ. ಥ್ರೆಡ್ ರಾಡಿನ ಬಲ ಎಷ್ಟಿರುತ್ತದೆ ಅಂದರೆ ಸೀಲು ಕತ್ತರಿಸಿ ಹೋದರೂ ನಿಮ್ಮ ಸ್ಪ್ಯಾನರಿಗೆ ಗೊತ್ತಾಗಲ್ಲ. ಮನೆಯಲ್ಲಿ ಮಾಡಿದ ಇಂಥ ಒತ್ತುವ ಉಪಕರಣಗಳಲ್ಲಿ ನನಗೆ ಭಯ ಇರುವುದು ಇದೊಂದಕ್ಕೇ. ಬಲ ಕಡಿಮೆ ಬೀಳುವುದು ಅಪರೂಪ. ನಟ್ ಗಟ್ಟಿಯಾಯಿತು ಅಂದರೆ ಏನೋ ಅಡ್ಡ ಬಂದಿದೆ ಅಂತಲೇ ತಿಳಿದುಕೊಂಡು ನಿಲ್ಲಿಸಿ.

ಸ್ಪ್ರಿಂಗ್ ಪೂರ್ತಿ ತೆಗೆದು ಪಿಸ್ಟನ್ ಹೊರಗೆ ತನ್ನಿ. ಅದರ ಅಂಚಿನಲ್ಲಿ ಒಂದು ಕಚ್ಚು ಇದೆ, ಅದು ಪಾರ್ಕಿಂಗ್ ಪಾಲ್ (ಪಾರ್ಕಿನಲ್ಲಿ ಶಾಫ್ಟ್ ತಿರುಗದ ಹಾಗೆ ಹಿಡಿಯುವ ಕೊಕ್ಕೆ) ಇರುವ ಕಡೆಗೇ ಬರಬೇಕು. ಸೀಲು ಮೂರು: ಹೊರಗಿನದು, ನಡುವಿನದು, ಒಳಗಿನದು. ಮೂರರ ತುಟಿಯೂ ಕೆಳಗೆ, ಅಂದರೆ ಎಣ್ಣೆಯ ಒತ್ತಡ ಬರುವ ಕಡೆಗೆ ಮುಖ ಮಾಡಿರಬೇಕು. ತುಟಿಯೇ ಮೊದಲು ಒಳಗೆ ಹೋಗುವುದರಿಂದ ಅಂಚಿಗೆ ತಗುಲಿ ಮಡಚಿಕೊಳ್ಳುತ್ತದೆ. ನಡುವಿನ ಸೀಲು ಕಣ್ಣಿಗೆ ಕಾಣುವುದೇ ಇಲ್ಲ, ಅದನ್ನೇ ಮೊದಲು ನೋಡಿ.

ತುಟಿ ಒಳಗೆ ಸೇರಿಸುವುದಕ್ಕೆ ಒಂದು ಸಣ್ಣ ಉಪಕರಣ ಮಾಡಿಕೊಳ್ಳಿ. ಗಿಟಾರಿನ ಸುತ್ತಿಲ್ಲದ ಉಕ್ಕಿನ ತಂತಿ ಒಂದು ತುಂಡು ಸಾಕು. ಅದನ್ನು ಕುಣಿಕೆಯ ಹಾಗೆ ಮಡಚಿ ಎರಡೂ ತುದಿಯನ್ನು ತೆಳು ತಾಮ್ರದ ನಳಿಗೆಯೊಳಗೆ ತೂರಿಸಿ, ನಳಿಗೆಯನ್ನು ಇಕ್ಕಳದಿಂದ ಅಮುಕಿ. ಕುಣಿಕೆ ಬೆರಳಿನ ಉಗುರಿನಷ್ಟು ಹೊರಗಿದ್ದರೆ ಸಾಕು. ತಂತಿಯ ಕತ್ತರಿಸಿದ ತುದಿ ಎಲ್ಲೂ ಹೊರಗೆ ಬರಬಾರದು, ಸೀಲು ಗೀರುತ್ತದೆ. ಪಿಸ್ಟನ್ನಿಗೂ ಗೋಡೆಗೂ ನಡುವೆ ಕುಣಿಕೆ ಇಳಿಸಿ, ತುಟಿಯನ್ನು ಒಳಕ್ಕೆ ಒತ್ತುತ್ತಾ ಸುತ್ತ ಎಳೆಯುತ್ತಾ ಬನ್ನಿ. ಸೀಲಿಗೂ ಗೋಡೆಗೂ ವ್ಯಾಸಲಿನ್ ಚೆನ್ನಾಗಿ ಹಚ್ಚಿರಿ. ಚಕ್ರದ ಬೇರಿಂಗ್ ಗ್ರೀಸ್ ಬೇಡ, ಅದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯಲ್ಲಿ ಕರಗದೆ ಸಣ್ಣ ದಾರಿಗಳಲ್ಲಿ ಕೂರುತ್ತದೆ. ಪಿಸ್ಟನ್ ಎರಡೂ ಕೈಯ ಹೆಬ್ಬೆರಳಿನ ಒತ್ತಿಗೇ ಇಳಿಯಬೇಕು. ಇಳಿದ ಮೇಲೆ ಕ್ಯಾಲಿಪರಿನ ಬಾಲದಿಂದ ಮೂರು ನಾಲ್ಕು ಕಡೆ ಆಳ ಅಳೆಯಿರಿ. ಎಲ್ಲಾ ಕಡೆ ಒಂದೇ ಬಂದರೆ ಮಾತ್ರ ಸ್ಪ್ರಿಂಗ್ ಇಡಿ.

ಇನ್ನು ನಿಮ್ಮ ಕಂಪ್ರೆಸರ್. ಪಟ್ಟಿ ಎರಡೇ ಕಡೆ ಒತ್ತುತ್ತದೆ, ವಾಲುವುದು ಸಹಜ. ಪಟ್ಟಿಯ ಕೆಳಗೆ ಕಬ್ಬಿಣದ ಪೈಪಿನ ತುಂಡು ಇಡಿ. ಸ್ನ್ಯಾಪ್ ರಿಂಗ್ ಕೂರುವ ಹಬ್ಬಿನ (ಕೇಸಿನ ನಡುವೆ ಎದ್ದಿರುವ ಕೊಳವೆಯ) ಹೊರ ಅಳತೆ ತೆಗೆದು ಅದಕ್ಕಿಂತ ಸ್ವಲ್ಪ ದೊಡ್ಡ ಪೈಪ್ ಆರಿಸಿ. ಪೈಪಿನ ಎರಡೂ ತುದಿ ಸಮ ಇರಬೇಕು, ಗಾಜಿನ ಮೇಲೆ ಮರಳು ಕಾಗದ ಇಟ್ಟು ಉಜ್ಜಿದರೆ ಆಗುತ್ತದೆ. ಪಕ್ಕದಲ್ಲಿ ಎರಡು ಕಿಟಕಿ ಕತ್ತರಿಸಿ, ಸ್ಕ್ರೂಡ್ರೈವರ್ ಒಳಗೆ ಹೋಗಿ ಸ್ನ್ಯಾಪ್ ರಿಂಗನ್ನು ತೋಡಿಗೆ ತಳ್ಳುವಷ್ಟು ಅಗಲ. ನಟ್ಟಿನ ಕೆಳಗೆ ಎರಡು ದಪ್ಪ ವಾಷರ್, ನಡುವೆ ಗ್ರೀಸ್. ಇಲ್ಲದಿದ್ದರೆ ನಟ್ ತಿರುಗುವಾಗ ಪಟ್ಟಿಯನ್ನೂ ಎಳೆದುಕೊಂಡು ಹೋಗುತ್ತದೆ. ರಾಡಿಗೆ ಟೇಪ್ ಸುತ್ತಿ, ಹಿಂದಿನ ಬುಶ್ ಗೀಚಿದರೆ ಕಷ್ಟ. ಹಿಂದಿನ ಪಟ್ಟಿಗೂ ಕೇಸಿಗೂ ನಡುವೆ ಮರದ ಹಲಗೆ ಇರಲಿ.

ತೋಡು ಕಂಡ ಕೂಡಲೇ ಒತ್ತುವುದು ನಿಲ್ಲಿಸಿ. ಕನ್ನಡಕ ಹಾಕಿಕೊಂಡೇ ಮಾಡಿ ಮಾರಾಯ್ರೆ, ಆ ರಿಂಗ್ ಹಾರಿದರೆ ಕಣ್ಣು ಹೋಗುತ್ತದೆ.

ಒಹಾಯೊ ಕನ್ನಡಿಗ:

ಕೂತಿತು! ಕಚ್ಚು ಸರಿಯಾದ ಕಡೆಗೇ ಇತ್ತು. ನೀವು ಹೇಳಿದ ಹಾಗೆ ನಡುವಿನ ಸೀಲಿನ ತುಟಿ ಮಡಚಿತ್ತು, ಗುರುತು ಹಾಕಿದ್ದ ಕಡೆಯಲ್ಲೇ. ಸ್ವಲ್ಪ ಹರಿದೂ ಇತ್ತು, ಇನ್ನೊಂದು ಸೀಲು ತರಿಸಿ ಹಾಕಿದೆ. ತಂತಿಯ ಕುಣಿಕೆ ಸುತ್ತ ಎಳೆದಾಗ ಪಿಸ್ಟನ್ ತಾನಾಗಿ ಕೆಳಗೆ ಜಾರಿತು. ಪೈಪ್ ಇಟ್ಟ ಮೇಲೆ ರಿಟೈನರ್ ಸಮನಾಗಿ ಇಳಿಯಿತು, ರಿಂಗ್ ಸುತ್ತಲೂ ತೋಡಿನಲ್ಲಿ ಕೂತಿದೆ.

ಮುಂದಿನ ತಲೆನೋವು ಟರ್ಬೈನ್ ಶಾಫ್ಟಿನ (ಎಂಜಿನ್ ಕಡೆಯಿಂದ ಗೇರ್‌ಬಾಕ್ಸಿನೊಳಗೆ ಬರುವ ಶಾಫ್ಟಿನ) ನಾಲ್ಕು ಟೆಫ್ಲಾನ್ ರಿಂಗುಗಳು. ಜಾಯಿಂಟ್ ಇಲ್ಲದ ಇಡೀ ರಿಂಗುಗಳು. ಹಿಗ್ಗಿಸಿ ಹಾಕಬೇಕಂತೆ, ಮತ್ತೆ ಕುಗ್ಗಿಸಬೇಕಂತೆ. ಅದರ ಉಪಕರಣ ನನ್ನ ಹತ್ತಿರ ಇಲ್ಲ.

ಪೀಣ್ಯ ಟರ್ನರ್:

ಸರ್, ಲೇತ್ ಸಿಕ್ಕಿದರೆ ಇದು ಸಣ್ಣ ಜಾಬ್. ನೈಲಾನ್ ರಾಡ್ ತಗೊಂಡು ಒಳಗೆ ಶಾಫ್ಟಿನ ಅಳತೆಗೆ ಬೋರ್ ಮಾಡಿಸಿ, ಹೊರಗೆ ಉದ್ದನೆಯ ಟೇಪರ್ ಕೊಡಿಸಿ. ದಪ್ಪ ತುದಿ ಶಾಫ್ಟಿಗಿಂತ ಕೂದಲೆಳೆಯಷ್ಟೇ ದೊಡ್ಡದಿದ್ದರೆ ಸಾಕು, ಅಂಚು ಚೂಪು ಬಿಡಬೇಡಿ. ಕೊನೆಗೆ ನೀರು ಹಾಕಿ ಸಣ್ಣ ಎಮರಿ ಕಾಗದದಲ್ಲಿ ಪಾಲಿಶ್ ಮಾಡಿ. ಟೆಫ್ಲಾನ್ ಮೆತ್ತಗಿರುತ್ತದೆ, ಟೂಲಿನ ಗೆರೆ ಇದ್ದರೂ ರಿಂಗ್ ಮೇಲೆ ಗೀರು ಬೀಳುತ್ತದೆ.

ಗ್ಯಾರೇಜ್ ಭಟ್ರು:

ಟರ್ನರ್ ಹೇಳಿದ್ದು ಸರಿ. ಲೇತ್ ಇಲ್ಲದಿದ್ದರೆ ಸೋಡಾ ಬಾಟಲಿಯ ಪ್ಲಾಸ್ಟಿಕ್ ಕತ್ತರಿಸಿ ಶಾಫ್ಟಿಗೆ ಕೊಳವೆಯ ಹಾಗೆ ಸುತ್ತಿ. ಬೇರೆ ತೋಡುಗಳ ಮೇಲೆ ರಿಂಗ್ ಜಾರಿಕೊಂಡು ಹೋಗುವುದಕ್ಕೆ ಅದು ಸಾಕು. ರಿಂಗನ್ನು ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ಹಾಕಿ. ಅತಿ ಒಳಗಿನ ತೋಡಿನದು ಮೊದಲು.

ಹಾಕಿದ ಮೇಲೆ ರಿಂಗ್ ಸಡಿಲವಾಗಿ, ತೋಡಿನಿಂದ ಹೊರಗೆ ಕಾಣುತ್ತದೆ. ಹಾಗೇ ಎಣ್ಣೆ ಪಂಪಿನೊಳಗೆ ತೂರಿಸಿದರೆ ಕತ್ತರಿಸಿ ಹೋಗುತ್ತದೆ. ಅದೇ ಬಾಟಲಿಯ ಪಟ್ಟಿಯನ್ನು ರಿಂಗ್ ಮೇಲೆ ಬಿಗಿಯಾಗಿ ಸುತ್ತಿ, ಮೇಲೆ ಹೋಸ್ ಕ್ಲ್ಯಾಂಪ್ ಹಾಕಿ ಮೆತ್ತಗೆ ಬಿಗಿದು ಬಿಡಿ. ರಿಂಗ್ ತಣ್ಣಗಾಗುತ್ತಾ ಕುಗ್ಗುತ್ತದೆ. ಬಿಚ್ಚಿದಾಗ ಬೆರಳಾಡಿಸಿ ನೋಡಿ, ಶಾಫ್ಟಿಗೂ ರಿಂಗಿಗೂ ಎತ್ತರ ತಗ್ಗು ತಿಳಿಯಬಾರದು, ರಿಂಗ್ ತೋಡಿನಲ್ಲಿ ತಿರುಗಲೂಬೇಕು. ಇಷ್ಟು ಪಾಡು ಬೇಡ ಅನ್ನಿಸಿದರೆ ಓರೆಯಾಗಿ ಕತ್ತರಿಸಿದ ಜಾಯಿಂಟ್ ಇರುವ ರಿಂಗ್ ಸಿಗುತ್ತದೆ. ಕೈಯಲ್ಲೇ ಹಾಕಬಹುದು. ಮನೆ ಕೆಲಸಕ್ಕೆ ನಾನು ಅದನ್ನೇ ಹೇಳುತ್ತೇನೆ.

ಪಂಪಿಗೂ ಕ್ಲ್ಯಾಂಪೇ ಬೇಕು. ಪಂಪಿನ ಎರಡು ಹೋಳು ಒಂದಕ್ಕೊಂದು ಸರಿಯಾಗಿ ಕೂರದಿದ್ದರೆ ಅದು ಕೇಸಿನೊಳಗೆ ಇಳಿಯುವುದಿಲ್ಲ, ಇಳಿದರೂ ಬುಶ್ ತಿನ್ನುತ್ತದೆ. ದೊಡ್ಡ ಹೋಸ್ ಕ್ಲ್ಯಾಂಪುಗಳನ್ನು ಒಂದಕ್ಕೊಂದು ಸೇರಿಸಿ ಪಂಪಿನ ಸುತ್ತ ಬಿಗಿದು, ಆಮೇಲೆ ಹೋಳುಗಳನ್ನು ಸೇರಿಸುವ ಬೋಲ್ಟುಗಳನ್ನು 24 ನ್ಯೂಟನ್ ಮೀಟರ್‌ಗೆ, ಅಂದರೆ 18 ಅಡಿ-ಪೌಂಡಿಗೆ ಬಿಗಿಯಿರಿ.

ಪಂಪ್ ಕೂರಿಸುವ ಮುಂಚೆ ಲೋ-ರಿವರ್ಸ್ ಪ್ಲೇಟುಗಳನ್ನು ಜೋಡಿಸಿ ಗಾಳಿ ಹಾಕಿ ನೋಡಿ, 40 ಪಿಎಸ್‌ಐ ದಾಟಿಸಬೇಡಿ. ಪಿಸ್ಟನ್ ಧಪ್ ಅಂತ ಎದ್ದು ಪ್ಲೇಟು ಹಿಡಿಯಬೇಕು. ಬರೀ ಉಸ್ ಅಂದರೆ ಸೀಲು ಮತ್ತೆ ನೋಡಬೇಕು. ಹೊಸ ಪ್ಲೇಟುಗಳನ್ನು ಮೊದಲೇ ಎಣ್ಣೆಯಲ್ಲಿ ಅರ್ಧ ಗಂಟೆಯಾದರೂ ನೆನೆಸಿರಬೇಕು. ಪಂಪ್ ಕೂತ ಮೇಲೆ ಡಯಲ್ ಗೇಜ್ ಇಟ್ಟು ಟರ್ಬೈನ್ ಶಾಫ್ಟಿನ ಎಂಡ್ ಪ್ಲೇ (ಶಾಫ್ಟ್ ಹಿಂದೆ ಮುಂದೆ ಎಷ್ಟು ಆಡುತ್ತದೆ) ನೋಡಿ. 0.13ರಿಂದ 0.92 ಮಿಲಿಮೀಟರ್ ಒಳಗೆ ಬರಬೇಕು. ಹೊರಗೆ ಹೋದರೆ ಸೆಲೆಕ್ಟಿವ್ ವಾಷರ್ (ಬೇರೆ ಬೇರೆ ದಪ್ಪದಲ್ಲಿ ಸಿಗುವ ವಾಷರ್) ಬದಲಾಯಿಸಬೇಕು.

ಪಂಪನ್ನು ಕೇಸಿಗೆ ಹಿಡಿಸುವ ಬೋಲ್ಟ್ ಬಿಗಿಯುವಾಗ ಒಂದು ಕೈ ಟರ್ಬೈನ್ ಶಾಫ್ಟ್ ಮೇಲೇ ಇರಲಿ. ಪ್ರತಿ ಬೋಲ್ಟ್ ಬಿಗಿದಾಗಲೂ ತಿರುಗಿಸಿ ನೋಡಿ. ತಿರುಗುವುದು ನಿಂತರೆ ಬೋಲ್ಟ್ ಸಡಿಲಿಸಿ ಪಂಪ್ ಮೇಲೆತ್ತಿ. ಯಾವುದೋ ಕ್ಲಚ್ ಡ್ರಮ್ ಹಲ್ಲಿಗೆ ಹಲ್ಲು ಸೇರಿಲ್ಲ ಅಂತ ಅರ್ಥ.